ಘಟ್ಟದ ವಾಹನದ ಗೇರ್‌ಬಾಕ್ಸ್: ಸ್ವಂತ ದುರಸ್ತಿಯೋ, ನಿಪುಣರ ನೆರವೋ?

ಬಂಟ್ವಾಳದಿಂದ ಮಡಿಕೇರಿ, ಮೈಸೂರುಗಳ ಮೂಲಕ ಬೆಂಗಳೂರನ್ನು ಸೇರುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಘಟ್ಟದ ಏರು ಆರಂಭವಾಗುವುದು ಸಂಪಾಜೆಯಲ್ಲಿ. ಅಲ್ಲಿಂದ ಕೊಯನಾಡು, ಜೋಡುಪಾಲ, ಮದೆನಾಡುಗಳನ್ನು ದಾಟಿ ತಲುಪುವ ಮಡಿಕೇರಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮಿಕ್ಕ ಎತ್ತರದಲ್ಲಿದೆ. ಕೊಡಗಿನ ಕಾಫಿ, ಕರಿಮೆಣಸುಗಳು ಮಂಗಳೂರಿನತ್ತ ಇಳಿಯುವುದೂ ಕರಾವಳಿಯ ಸರಕು ಮೇಲೇರುವುದೂ ಈ ಹಾದಿಯಲ್ಲಿಯೇ. ಏರುವಾಗ ಹೇರಿನ ಭಾರವನ್ನೂ ಇಳಿಯುವಾಗ ವೇಗದ ಒತ್ತಡವನ್ನೂ ತಾಳಿಕೊಳ್ಳಬೇಕಾದುದು ಗೇರ್‌ಬಾಕ್ಸ್. ಅದು ಕೆಟ್ಟಾಗ ಸ್ವಂತ ಶೆಡ್ಡಿನಲ್ಲಿಯೇ ಬಿಚ್ಚಬೇಕೋ, ನಿಪುಣರಿಗೆ ಒಪ್ಪಿಸಬೇಕೋ ಎಂಬುದು ಒಂದೆರಡು ವಾಹನಗಳನ್ನಷ್ಟೇ ಇಟ್ಟುಕೊಂಡಿರುವ ವರ್ತಕರನ್ನೂ ಸಣ್ಣ ಉತ್ಪಾದಕರನ್ನೂ ಕಾಡುವ ಪ್ರಶ್ನೆ.

ಮೊದಲು ಆಯಿಲ್ ನೋಡಿ

ಗೇರ್‌ಬಾಕ್ಸನ್ನು ಬಿಚ್ಚುವ ಮುನ್ನ ಅದರ ಆಯಿಲನ್ನು ಶುಭ್ರವಾದ ಪಾತ್ರೆಗೆ ಇಳಿಸಿ ಪರೀಕ್ಷಿಸುವುದು ಉಚಿತ. ಆಯಿಲ್ ಹಾಲು ಬೆರೆತಂತೆ ಕಂಡರೆ ನೀರು ಸೇರಿದೆಯೆಂದು ತಿಳಿಯಬೇಕು. ಘಟ್ಟದ ಮಳೆಯಲ್ಲಿ ಇದು ಅಪರೂಪವಲ್ಲ. ಹಳದಿ ಲೋಹದ ಪುಡಿಯಿದ್ದರೆ ಸಿಂಕ್ರೊನೈಸರ್ ರಿಂಗುಗಳು ಸವೆದಿರುವ ಸಂಭವ ಹೆಚ್ಚು. ಉಕ್ಕಿನ ಚಕ್ಕೆಗಳು ದೊರೆತರೆ ಬೇರಿಂಗ್ ಇಲ್ಲವೇ ಗೇರಿನ ಹಲ್ಲುಗಳಿಗೆ ಹಾನಿಯಾಗಿದೆ. ಅಂತಹ ವಾಹನಕ್ಕೆ ಹೇರು ಹಾಕಿ ಓಡಿಸುವುದು ಸರ್ವಥಾ ಸಲ್ಲದು. ಗೇರು ಬೀಳಲು ಕಷ್ಟವಾದಾಗಲೆಲ್ಲ ದೋಷ ಗೇರ್‌ಬಾಕ್ಸಿನಲ್ಲಿಯೇ ಇರಬೇಕೆಂದಿಲ್ಲ. ಕ್ಲಚ್ ಪೂರ್ಣವಾಗಿ ಬಿಡದಿದ್ದರೂ ಇದೇ ಲಕ್ಷಣ ತೋರುತ್ತದೆ.

ನಮ್ಮ ಕೈಯಲ್ಲಿ ಆಗುವುದು

ಆಯಿಲ್ ಬದಲಾವಣೆ, ಕ್ಲಚ್ ಹೊಂದಾಣಿಕೆ, ಹೊರಗಿನ ಆಯಿಲ್ ಸೀಲ್ ಹಾಗೂ ಮೌಂಟಿಂಗ್ ಬೋಲ್ಟುಗಳ ತಪಾಸಣೆ ಇವೆಲ್ಲ ಅನುಭವಿ ಚಾಲಕ ಮತ್ತು ಸ್ಥಳೀಯ ಮೆಕ್ಯಾನಿಕ್ ಸೇರಿ ಮಾಡಬಹುದಾದ ಕೆಲಸಗಳು. ಆಯಿಲಿನ ದರ್ಜೆಯನ್ನು ಮಾತ್ರ ವಾಹನದ ಕೈಪಿಡಿ ಹೇಳಿದಂತೆಯೇ ಆರಿಸಬೇಕು. ಜಿಎಲ್-4 ಕೇಳುವ ಗೇರ್‌ಬಾಕ್ಸಿಗೆ ‘ಇನ್ನೂ ಮೇಲ್ದರ್ಜೆಯದು’ ಎಂದು ಜಿಎಲ್-5 ಸುರಿದರೆ, ಕೆಲವು ಆಯಿಲುಗಳಲ್ಲಿನ ರಾಸಾಯನಿಕಗಳು ಹಿತ್ತಾಳೆಯ ಭಾಗಗಳಿಗೆ ಹಾನಿ ಮಾಡಬಲ್ಲವು.

ನಿಪುಣರಿಗೆ ಬಿಡಬೇಕಾದುದು

ಒಳಗಿನ ಕೆಲಸದ ಸ್ವರೂಪವೇ ಬೇರೆ. ಬೇರಿಂಗುಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಹೊಸದೂ ಹಾಳಾಗುತ್ತದೆ. ಅದಕ್ಕೆ ಪ್ರೆಸ್ ಬೇಕು. ಶಾಫ್ಟಿನ ಅಲುಗಾಟವನ್ನು ಡಯಲ್ ಗೇಜಿನಿಂದ ಅಳೆದು, ತೆಳುವಾದ ಶಿಮ್ಮುಗಳನ್ನಿಟ್ಟು ಸರಿಪಡಿಸಬೇಕು. ಇಲ್ಲಿ ಲೆಕ್ಕ ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ. ಬಿಗಿ ಹೆಚ್ಚಾದರೆ ಬೇರಿಂಗ್ ಕಾಯುತ್ತದೆ. ಸಡಿಲವಾದರೆ ಹಲ್ಲುಗಳು ಸಮನಾಗಿ ಕೂಡುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಮರೆಯಾಗಿರುವ ಈ ತಪ್ಪು ಘಟ್ಟದಲ್ಲಿ ಹೊರಬೀಳುತ್ತದೆ. ಹೇರಿನೊಡನೆ ಇಳಿಯುವಾಗ ಗೇರು ತಾನಾಗಿ ಕಳಚಿಕೊಂಡರೆ ಎಂಜಿನ್ನಿನ ಹಿಡಿತ ತಪ್ಪಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಆಗ ಅಪಾಯ ಹಣದ್ದಷ್ಟೇ ಅಲ್ಲ, ಪ್ರಾಣದ್ದೂ ಹೌದು.

ಮಧ್ಯಮ ಮಾರ್ಗ

ಜಾಕಿ, ಭದ್ರವಾದ ಸ್ಟ್ಯಾಂಡುಗಳು ಮತ್ತು ನುರಿತ ಕೈಗಳಿದ್ದಲ್ಲಿ ಗೇರ್‌ಬಾಕ್ಸನ್ನು ಇಳಿಸುವ, ಮರಳಿ ಏರಿಸುವ ಕೆಲಸವನ್ನು ನಾವೇ ಮಾಡಿ, ಬಿಚ್ಚಿ ಜೋಡಿಸುವುದನ್ನು ಮಾತ್ರ ನಿಪುಣರಿಗೆ ವಹಿಸಬಹುದು. ಇದರಿಂದ ಕೂಲಿ ಉಳಿಯುತ್ತದೆ, ಅಳತೆಯೂ ಕೆಡುವುದಿಲ್ಲ. ಒಪ್ಪಿಸುವಾಗ ಖರ್ಚಿನ ಅಂದಾಜನ್ನು ಬರಹದಲ್ಲಿ ಪಡೆಯಬೇಕು. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಬೇಕು. ಕೆಲಸದ ಖಾತರಿ ಎಷ್ಟು ಕಾಲದ್ದೆಂದು ಬಿಲ್ಲಿನಲ್ಲಿ ನಮೂದಿಸಿಕೊಳ್ಳಬೇಕು. ಮೊದಲು ಖಾಲಿ ವಾಹನವನ್ನು ಓಡಿಸಿ, ಅನಂತರ ಹಗುರವಾದ ಹೇರಿನೊಡನೆ ಏರುಹಾದಿಯಲ್ಲಿ ಪರೀಕ್ಷಿಸಿ ಪೂರ್ಣ ಬಾಡಿಗೆಗೆ ಬಿಡುವುದು ಕ್ಷೇಮ.

ಕಾಲವೂ ಬಂಡವಾಳವೇ

ಮಂಗಳೂರು, ಮಲ್ಪೆಗಳ ಯಾಂತ್ರಿಕ ದೋಣಿಗಳ ಮಾಲೀಕರಿಂದ ಕಲಿಯಬೇಕಾದ ಪಾಠವೊಂದಿದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯೇ ಅವರಿಗೆ ಎಂಜಿನ್, ಗೇರ್‌ಬಾಕ್ಸುಗಳ ದುರಸ್ತಿಯ ಕಾಲ. ಏಕೆಂದರೆ ನಡುಗಡಲಿನಲ್ಲಿ ಗೇರು ಕೆಟ್ಟರೆ ಪಕ್ಕಕ್ಕೆ ನಿಲ್ಲಿಸಲು ರಸ್ತೆಯಂಚಿಲ್ಲ. ಸಂಪಾಜೆಯ ಹಾದಿಗೂ ಮಳೆಗಾಲದ ತೊಡಕುಂಟು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ಬಾಡಿಗೆ ಇಳಿಮುಖವಾಗುವ ಈ ತಿಂಗಳುಗಳನ್ನು ದುರಸ್ತಿಗೆ ಮೀಸಲಿಟ್ಟರೆ ಕಾಫಿ ಕೊಯ್ಲಿನ ಕಾಲದಲ್ಲಿ ವಾಹನ ಶೆಡ್ಡಿನಲ್ಲಿ ಕೂರುವ ಪ್ರಸಂಗ ವಿರಳವಾಗುತ್ತದೆ. ದುರಸ್ತಿಯ ವೆಚ್ಚವನ್ನು ಲೆಕ್ಕ ಹಾಕುವಾಗ ಮೆಕ್ಯಾನಿಕ್ಕಿನ ಕೂಲಿಯ ಜೊತೆಗೆ ವಾಹನ ನಿಂತ ದಿನಗಳ ಬಾಡಿಗೆಯನ್ನೂ, ಅದೇ ಕೆಲಸವನ್ನು ಎರಡನೆಯ ಬಾರಿ ಮಾಡಿಸಬೇಕಾಗುವ ಖರ್ಚನ್ನೂ ಸೇರಿಸಿ ನೋಡಿದರೆ ನಿರ್ಧಾರ ಸುಲಭವಾದೀತು.