ಊರಿನ ಕಣ್ಣಲ್ಲಿ ಕಾಲೇಜು ವಿದ್ಯಾರ್ಥಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಗಳಲ್ಲಿ ಎಷ್ಟೋ ಪದವಿಗಳ ಹಿಂದೆ ಬೀಡಿ ಕಟ್ಟಿದ ಕೈಗಳಿವೆ. ಊಟದ ಕೆಲಸ ಮುಗಿಸಿದ ತಾಯಿ ಜಗಲಿಯಲ್ಲಿ ಕುಳಿತು, ತಡ್ಪೆ ಎಂಬ ಮೊರವನ್ನು ತೊಡೆಯ ಮೇಲಿಟ್ಟು ಎಲೆಗೆ ಹೊಗೆಸೊಪ್ಪು ತುಂಬಿ ಸುರುಳಿ ಸುತ್ತಿ ನೂಲು ಬಿಗಿಯುತ್ತಾಳೆ. ಕಾಲೇಜಿನಿಂದ ಬಂದ ಮಗಳೂ ಪಕ್ಕದಲ್ಲಿ ಕೂರುತ್ತಾಳೆ. ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಟ್ಟು ತಂದ ಮಜೂರಿಯಲ್ಲಿ ಪರೀಕ್ಷೆಯ ಫೀಸೂ ಆಗಬೇಕು, ಬಸ್ಸಿನ ಪಾಸೂ ಆಗಬೇಕು.

ಓದುವವರನ್ನು ಸಾಕುವುದು ಊರಿನ ಹೊಣೆ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ದಿನಕ್ಕೊಂದು ಮನೆಯಲ್ಲಿ ವಾರಾನ್ನ ಉಂಡು ಓದಿದವರ ತಲೆಮಾರೇ ಕರ್ನಾಟಕದಲ್ಲಿತ್ತು. ಆ ಊಟ ಬಹುಮಟ್ಟಿಗೆ ಜಾತಿಯ ಹೊಸಿಲೊಳಗೇ ನಡೆಯಿತು ಎಂಬುದನ್ನೂ ಹೇಳಲೇಬೇಕು. ಉಜಿರೆಯಲ್ಲಿ 1940ರಲ್ಲಿ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು ಆರಂಭಿಸಿದ ಸಿದ್ಧವನ ಗುರುಕುಲದಲ್ಲಿ ವಿದ್ಯಾರ್ಥಿಗಳಿಗೆ ಊಟ, ವಸತಿ ಉಚಿತ. ಜತೆಗೆ ತೋಟದ ದುಡಿಮೆಯೂ ಉಂಟು. 1960ರ ದಶಕದಲ್ಲಿ ಮೂಡುಬಿದಿರೆಗೂ ಉಜಿರೆಗೂ ಕಾಲೇಜು ಬಂದ ಮೇಲೆ ಪದವಿಗಾಗಿ ಮಂಗಳೂರಿನ ದಾರಿ ಹಿಡಿಯಲೇಬೇಕೆಂಬ ಕಷ್ಟ ತಪ್ಪಿತು.

ಓದುವವರನ್ನು ಸಾಕುವ ಈ ಅಕ್ಕರೆ ದೊಡ್ಡದು. ಆದರೆ ಅದು ವಿದ್ಯಾರ್ಥಿಯನ್ನು ಮಗುವಾಗಿಯೇ ಉಳಿಸಿಕೊಳ್ಳುತ್ತದೆ. ಪದವಿ ಕಾಲೇಜಿನಲ್ಲೂ ಸಮವಸ್ತ್ರ; ಹಾಜರಿ ಕಡಿಮೆಯಾದರೆ ಮನೆಗೆ ಫೋನು. ಭಾನುವಾರ ಮದುವೆ ಹಾಲ್‌ನಲ್ಲಿ ಕ್ಯಾಟರಿಂಗಿನವರ ಜತೆ ಬಡಿಸಿ ತನ್ನ ಖರ್ಚನ್ನು ತಾನೇ ದುಡಿದುಕೊಂಡ ಹುಡುಗನೂ ಸೋಮವಾರ ರಜಾ ಅರ್ಜಿಗೆ ಅಪ್ಪನ ಸಹಿ ತರಬೇಕು.

ಎಲ್ಲ ಕಡೆಯೂ ಹೀಗಿಲ್ಲ. ಜರ್ಮನಿಯಲ್ಲಿ ವಿದ್ಯಾರ್ಥಿಯೆಂದರೆ ತನ್ನ ಬದುಕು ತಾನು ನೋಡಿಕೊಳ್ಳುವ ವಯಸ್ಕ. ಅಲ್ಲಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಬಹುತೇಕ ಇಲ್ಲ. ಅನುಕೂಲವಿಲ್ಲದವರಿಗೆ 1971ರಿಂದ ಸರಕಾರದ ನೆರವಿದೆ, ಈಗ ಅದರಲ್ಲಿ ಅರ್ಧ ಸಾಲ. ಹೋಟೆಲಿನಲ್ಲಿ ತಟ್ಟೆ ಎತ್ತಿದರೆ ಯಾರೂ ಹುಬ್ಬೇರಿಸುವುದಿಲ್ಲ. ಅರ್ಜೆಂಟೀನಾದ ಕಾರ್ಡೊಬಾದಲ್ಲಿ 1918ರಲ್ಲಿ ವಿದ್ಯಾರ್ಥಿಗಳು ಹೋರಾಡಿ ವಿಶ್ವವಿದ್ಯಾಲಯದ ಆಡಳಿತದಲ್ಲೇ ಪಾಲು ಪಡೆದರು. ಲ್ಯಾಟಿನ್ ಅಮೆರಿಕದ ಇತರ ದೇಶಗಳಿಗೂ ಆ ಹೋರಾಟ ಹಬ್ಬಿತು. ಅಮೆರಿಕದ ಕಾಲೇಜುಗಳು ಬಹುಕಾಲ ನಮ್ಮ ಹಾಗೆಯೇ ತಂದೆತಾಯಿಯ ಸ್ಥಾನದಲ್ಲಿ ನಿಂತಿದ್ದವು. ಅಲಬಾಮಾದಲ್ಲಿ ವರ್ಣಭೇದದ ವಿರುದ್ಧ ಧರಣಿ ಕುಳಿತ ಕಪ್ಪು ವಿದ್ಯಾರ್ಥಿಗಳನ್ನು ಕಾಲೇಜು ಹೊರಹಾಕಿದಾಗ, ಅವರ ಅಹವಾಲು ಕೇಳದೆ ಹಾಗೆ ಮಾಡುವಂತಿಲ್ಲವೆಂದು 1961ರಲ್ಲಿ ನ್ಯಾಯಾಲಯ ಹೇಳಿತು. ಆ ಹಳೆಯ ಪದ್ಧತಿ ಸಡಿಲವಾಗಿದ್ದು ಅಲ್ಲಿಂದ.

ನಾವೂ ಆ ದೇಶಗಳ ದಾರಿಯನ್ನೇ ಹಿಡಿಯಬೇಕೆಂದಲ್ಲ. ಮಕ್ಕಳ ಓದಿಗಾಗಿ ಬೀಡಿ ಸುತ್ತುವ ಮನೆಗಳಿರುವ ನಾಡಿನಲ್ಲಿ ಅಪ್ಪ ಅಮ್ಮನನ್ನು ಕಾಲೇಜಿನಿಂದ ದೂರವಿಡುವುದು ನ್ಯಾಯವೂ ಅಲ್ಲ. ಆದರೆ ಸಂವಿಧಾನದ 61ನೇ ತಿದ್ದುಪಡಿಯಿಂದಾಗಿ 1989ರಿಂದ ಹದಿನೆಂಟು ತುಂಬಿದವರು ಮತದಾರರು. ಶಾಸಕರನ್ನು ಆರಿಸಬಲ್ಲವರಿಗೆ ಹಾಸ್ಟೆಲಿನ ಊಟ, ಗ್ರಂಥಾಲಯದ ವೇಳೆ, ಕೊನೆಯ ಬಸ್ಸಿನ ಹೊತ್ತು ಇವುಗಳ ಬಗ್ಗೆ ಹೇಳಲು ಏನೂ ಇರುವುದಿಲ್ಲವೇ? ಕಾಲೇಜಿನ ಸಭೆಗೆ ಪೋಷಕರನ್ನು ಕರೆಯುವಾಗ ವಿದ್ಯಾರ್ಥಿಗಳಿಗೂ ಕುರ್ಚಿ ಹಾಕಿ, ಅವರ ಮಾತನ್ನೂ ನಡಾವಳಿಯಲ್ಲಿ ಬರೆಸಿ.