ಓಡುವ ಕುದುರೆಯೂ ಹಳೆಯ ಅಚ್ಚಿನ ಚಿತ್ರಗಳೂ

ವಿಜಯಪುರದ ಬೀದಿಗಳಲ್ಲಿ ಟಾಂಗಾದ ಸದ್ದನ್ನು ಕೇಳಿದವರಿಗೂ, ತಿಕೋಟೆ, ಬಬಲೇಶ್ವರಗಳ ಬಯಲಿನಲ್ಲಿ ಕುದುರೆ ಓಡುವುದನ್ನು ಕಂಡವರಿಗೂ ಒಂದು ಪ್ರಶ್ನೆ: ನಾಗಾಲೋಟದಲ್ಲಿರುವ ಕುದುರೆಯ ನಾಲ್ಕು ಕಾಲುಗಳೂ ಒಮ್ಮೆಗೇ ನೆಲವನ್ನು ಬಿಟ್ಟಿರುತ್ತವೆಯೆ? ಬಿಟ್ಟಿದ್ದರೆ, ಆಗ ಅವು ಯಾವ ಭಂಗಿಯಲ್ಲಿರುತ್ತವೆ?

ಈ ಪ್ರಶ್ನೆಗೆ ಇಂಗ್ಲೆಂಡಿನ ಹಳೆಯ ಚಿತ್ರಕಾರರು ಸಂಶಯವಿಲ್ಲದ ಉತ್ತರವನ್ನು ಕೊಟ್ಟಿದ್ದರು. ಹೆನ್ರಿ ಆಲ್ಕೆನ್, ಜೇಮ್ಸ್ ಪೊಲಾರ್ಡ್ ಮೊದಲಾದವರ ಕುದುರೆ ಜೂಜಿನ ಚಿತ್ರಗಳಲ್ಲಿ ಮುಂಗಾಲುಗಳು ಮುಂದಕ್ಕೂ ಹಿಂಗಾಲುಗಳು ಹಿಂದಕ್ಕೂ ಚಾಚಿ, ಕುದುರೆ ಗಾಳಿಯಲ್ಲಿ ತೇಲುವಂತೆ ತೋರುತ್ತದೆ. ಫ್ರಾನ್ಸಿನ ಜೆರಿಕೋ 1821ರಲ್ಲಿ ರಚಿಸಿದ ಎಪ್ಸಮ್ ಜೂಜಿನ ವರ್ಣಚಿತ್ರದಲ್ಲಿಯೂ ಇದೇ ಭಂಗಿಯಿದೆ.

ಇಂತಹ ಚಿತ್ರಗಳು ಮನೆಮನೆಗೆ ಹರಡಿದುದು ಮುದ್ರಣದಿಂದ. ತಾಮ್ರದ ಫಲಕದ ಮೇಲೆ ರಾಳದ ನುಣ್ಣನೆಯ ಪುಡಿಯನ್ನು ಉದುರಿಸಿ, ಕಾಯಿಸಿ ಅಂಟಿಸುತ್ತಿದ್ದರು. ಫಲಕವನ್ನು ಆಮ್ಲದಲ್ಲಿ ಇರಿಸಿದಾಗ, ಕಣಗಳ ನಡುವಣ ಲೋಹ ಮಾತ್ರ ಕರಗಿ ಸಣ್ಣ ಗುಳಿಗಳಾಗುತ್ತಿದ್ದವು. ಅವುಗಳಲ್ಲಿ ನಿಂತ ಮಸಿಯು ಒತ್ತುಯಂತ್ರದಲ್ಲಿ ಒದ್ದೆ ಕಾಗದಕ್ಕೆ ಇಳಿಯುತ್ತಿತ್ತು. ಹೀಗೆ ಒಂದೇ ಫಲಕದಿಂದ ಅನೇಕ ಪ್ರತಿಗಳು ಹೊರಬರುತ್ತಿದ್ದವು. ಫಲಕದಲ್ಲಿ ತಪ್ಪಿದ್ದರೆ ಪ್ರತಿಯೊಂದರಲ್ಲಿಯೂ ಅದೇ ತಪ್ಪು!

ತಪ್ಪು ಬಯಲಾದುದು 1878ರ ಜೂನ್ ತಿಂಗಳಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬಾತನು ಓಟದ ಹಾದಿಯ ಪಕ್ಕದಲ್ಲಿ 27 ಅಂಗುಲಗಳ ಅಂತರದಲ್ಲಿ 12 ಕ್ಯಾಮೆರಾಗಳನ್ನು ಸಾಲಾಗಿ ಇರಿಸಿ, ಹಾದಿಗೆ ಅಡ್ಡಲಾಗಿ ದಾರಗಳನ್ನು ಕಟ್ಟಿದನು. ಸ್ಯಾಲಿ ಗಾರ್ಡ್‌ನರ್ ಎಂಬ ಹೆಣ್ಣುಕುದುರೆ ಓಡುತ್ತ ದಾರಗಳನ್ನು ಹರಿದಂತೆ, ಒಂದಾದಮೇಲೊಂದು ಛಾಯಾಚಿತ್ರ ಮೂಡಿತು. ಕುದುರೆಯ ನಾಲ್ಕು ಕಾಲುಗಳೂ ನೆಲವನ್ನು ಬಿಡುವುದು ನಿಜ. ಆದರೆ ಆ ಕ್ಷಣದಲ್ಲಿ ಅವು ಚಾಚಿರುವುದಿಲ್ಲ, ಹೊಟ್ಟೆಯ ಕೆಳಗೆ ಮಡಿಸಿಕೊಂಡಿರುತ್ತವೆ.

ಹಾಗಾದರೆ ನುರಿತ ಕಲಾವಿದರ ಕಣ್ಣು ಮೋಸಹೋದುದೇಕೆ? ಉಯ್ಯಾಲೆಯನ್ನು ನೆನೆಯೋಣ. ಎರಡು ತುದಿಗಳಲ್ಲಿ ಅದು ದಿಕ್ಕು ಬದಲಿಸುವ ಮುನ್ನ ಕ್ಷಣಕಾಲ ನಿಂತಂತಿರುತ್ತದೆ. ಕುದುರೆಯ ಕಾಲಿನ ಬೀಸಿಗೂ ಇಂತಹ ತುದಿಗಳುಂಟು. ನಡುವಣ ವೇಗದ ಚಲನೆ ಕಣ್ಣಿಗೆ ಮಸುಕಾಗುತ್ತದೆ, ತುದಿಗಳು ಮಾತ್ರ ನೆನಪಿನಲ್ಲಿ ಉಳಿಯುತ್ತವೆ. ಬೇರೆ ಬೇರೆ ಕ್ಷಣಗಳಲ್ಲಿ ಕಂಡ ಮುಂಗಾಲಿನ ತುದಿಯನ್ನೂ ಹಿಂಗಾಲಿನ ತುದಿಯನ್ನೂ ಮನಸ್ಸು ಒಂದೇ ಚಿತ್ರದಲ್ಲಿ ಕೂಡಿಸಿಬಿಡುತ್ತದೆ.

ಕಣ್ಣಿಗೆ ನಿಲುಕದುದನ್ನು ಕಿವಿಯಿಂದ ಕೊಂಚ ಪರೀಕ್ಷಿಸಬಹುದು. ಕುಕ್ಕುಲೋಟದ ಟಾಂಗಾ ಕುದುರೆಯ ಓರೆಯ ಜೋಡಿಕಾಲುಗಳು ಒಟ್ಟಿಗೆ ಬೀಳುವುದರಿಂದ ಹೆಜ್ಜೆಯ ಒಂದು ಸುತ್ತಿಗೆ ಎರಡು ಬಡಿತಗಳು ಕೇಳುತ್ತವೆ. ನಾಗಾಲೋಟದಲ್ಲಾದರೋ ನಾಲ್ಕು ಬಡಿತಗಳು, ಬಳಿಕ ಒಂದು ಕಿರುಮೌನ. ಆ ಮೌನವೇ ಕುದುರೆಯು ಗಾಳಿಯಲ್ಲಿರುವ ಕ್ಷಣ!

ಮೈಬ್ರಿಜನ ಛಾಯಾಚಿತ್ರಗಳನ್ನು ನೋಡಿ ಕೊರೆದ ಅಚ್ಚಿನ ಚಿತ್ರಗಳು 1878ರ ಅಕ್ಟೋಬರಿನಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ಮುಖಪುಟವನ್ನೇರಿದವು. ತಪ್ಪನ್ನು ಹರಡಿದ ಮುದ್ರಣಕಲೆಯೇ ತಿದ್ದುಪಡಿಯನ್ನೂ ಹರಡಿತು. ಮುದ್ರಿತವಾದುದೆಲ್ಲ ಸತ್ಯವಲ್ಲ, ಕಣ್ಣಾರೆ ಕಂಡುದೆಲ್ಲವೂ ಸತ್ಯವಲ್ಲ. ಎರಡನ್ನೂ ಅಳೆದು ನೋಡುವುದೇ ವಿಜ್ಞಾನದ ಹಾದಿ.