ಪ್ರಾಸ್ಟೇಟ್ ಅರ್ಬುದದಿಂದ ಚೇತರಿಸಿಕೊಂಡವರಿಗೆ ವ್ಯಾಯಾಮವಾಗಿ ಆಟ: ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳ ದೃಷ್ಟಿಯಿಂದ ಒಂದು ವಿವೇಚನೆ

ವಯಸ್ಸಾದ ಪುರುಷರಿಗೆ ಬರುವ ಅರ್ಬುದ ರೋಗಗಳಲ್ಲಿ, ಅಂದರೆ ಕ್ಯಾನ್ಸರುಗಳಲ್ಲಿ, ಪ್ರಾಸ್ಟೇಟ್ ಗ್ರಂಥಿಯ ಅರ್ಬುದ ಮುಖ್ಯವಾದುದು. ಮೂತ್ರಕೋಶದ ಬುಡದಲ್ಲಿ ಮೂತ್ರನಾಳವನ್ನು ಸುತ್ತುವರಿದಿರುವ ಈ ಚಿಕ್ಕ ಗ್ರಂಥಿ ವೀರ್ಯದ ದ್ರವಾಂಶವನ್ನು ಒದಗಿಸತಕ್ಕದ್ದು. ಇದರಲ್ಲಿ ತಲೆದೋರುವ ಅರ್ಬುದ ಬಹುಮಟ್ಟಿಗೆ ನಿಧಾನವಾಗಿ ಬೆಳೆಯುವಂಥದು. ಆದ್ದರಿಂದ ಚಿಕಿತ್ಸೆ ಪಡೆದವರಲ್ಲಿ ಅನೇಕರು ಅನಂತರ ಹಲವು ವರ್ಷ ಬದುಕುತ್ತಾರೆ. ಹಾಗೆ ಉಳಿದವರ ದೇಹಬಲವನ್ನು ಕಾಪಾಡುವುದರಲ್ಲಿ ಆಟೋಟಗಳಿಂದ ಎಷ್ಟು ನೆರವು ದೊರೆಯುತ್ತದೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಪರಿಸ್ಥಿತಿಗೆ ಅದನ್ನು ಹೇಗೆ ಅಳವಡಿಸಿಕೊಳ್ಳಬಹುದು ಎಂಬ ಎರಡು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿವೇಚಿಸಿದೆ.

ಚಿಕಿತ್ಸೆಯಿಂದ ಉಂಟಾಗುವ ಕ್ಷೀಣತೆ

ಈ ರೋಗಕ್ಕೆ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ, ಹಾರ್ಮೋನು ಚಿಕಿತ್ಸೆ ಎಂದು ಮುಖ್ಯವಾಗಿ ಮೂರು ಉಪಾಯಗಳುಂಟು. ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಪಟ್ಟುದು ಮೂರನೆಯದು. ಅರ್ಬುದದ ಬೆಳವಣಿಗೆಗೆ ಪುರುಷ ಹಾರ್ಮೋನು ಪೋಷಕವಾಗಿರುವುದೆಂಬುದನ್ನು ಷಿಕಾಗೋ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ ೧೯೪೧ರಲ್ಲಿ ತೋರಿಸಿಕೊಟ್ಟರು. ಈ ಸಂಶೋಧನೆಗಾಗಿ ಹಗಿನ್ಸ್ ಅವರಿಗೆ ೧೯೬೬ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ವೃಷಣಗಳನ್ನು ತೆಗೆದುಹಾಕುವುದರಿಂದಾಗಲಿ, ಅವುಗಳ ಕಾರ್ಯವನ್ನು ತಡೆಯುವ ಚುಚ್ಚುಮದ್ದಿನಿಂದಾಗಲಿ ಈ ಹಾರ್ಮೋನನ್ನು ತಗ್ಗಿಸಿದರೆ ಅರ್ಬುದ ಕುಗ್ಗುತ್ತದೆ.

ಆದರೆ ಪುರುಷನ ಮಾಂಸಖಂಡಗಳನ್ನೂ ಮೂಳೆಗಳನ್ನೂ ಗಟ್ಟಿಯಾಗಿಡುವುದೂ ಇದೇ ಹಾರ್ಮೋನು. ಅದು ತಗ್ಗಿದಾಗ ರೋಗದೊಂದಿಗೆ ದೇಹದ ಕಸುವೂ ಇಳಿಯುತ್ತದೆ. ಅಮೆರಿಕದಲ್ಲಿ ೨೦೦೨ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚಿಕಿತ್ಸೆ ಆರಂಭವಾದ ೪೮ ವಾರಗಳೊಳಗೆ ರೋಗಿಗಳ ಮೈಯಲ್ಲಿ ಕೊಬ್ಬು ಶೇಕಡ ೯.೪ರಷ್ಟು ಹೆಚ್ಚಿ, ಕೊಬ್ಬಲ್ಲದ ದೇಹಭಾಗ ಶೇಕಡ ೨.೭ರಷ್ಟು ಕಡಿಮೆಯಾಗಿತ್ತು. ಅದೇ ದೇಶದ ಐವತ್ತು ಸಾವಿರಕ್ಕೂ ಮಿಕ್ಕ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ ೨೦೦೫ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದ ಪ್ರಕಾರ, ರೋಗ ಪತ್ತೆಯಾದ ಮೇಲೆ ಐದು ವರ್ಷವಾದರೂ ಬದುಕಿದ್ದವರ ಪೈಕಿ ಹಾರ್ಮೋನು ಚಿಕಿತ್ಸೆ ಪಡೆದವರಲ್ಲಿ ಶೇಕಡ ೧೯.೪ ಮಂದಿಗೆ ಮೂಳೆ ಮುರಿದಿತ್ತು. ಪಡೆಯದವರಲ್ಲಿ ಈ ಪ್ರಮಾಣ ಶೇಕಡ ೧೨.೬. ಇವುಗಳ ಜೊತೆಗೆ ಆಯಾಸ, ಮೈಬಿಸಿ, ಮನಸ್ಸಿನ ಕುಗ್ಗುವಿಕೆ, ಸಕ್ಕರೆ ಕಾಯಿಲೆಯ ಸಂಭವ ಇವೂ ಸೇರುತ್ತವೆ.

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಮತ್ತೊಂದು ಮುಖವುಂಟು. ಚುಚ್ಚುಮದ್ದಿನ ವೆಚ್ಚವನ್ನು ವರ್ಷಾನುಗಟ್ಟಲೆ ಭರಿಸಲಾರದ ಅನೇಕರು ವೃಷಣಗಳ ಶಸ್ತ್ರಚಿಕಿತ್ಸೆಯನ್ನೇ ಆರಿಸಿಕೊಳ್ಳುತ್ತಾರೆ. ಚುಚ್ಚುಮದ್ದನ್ನು ವೈದ್ಯರು ಕೆಲವು ಸಂದರ್ಭಗಳಲ್ಲಿ ನಡುನಡುವೆ ನಿಲ್ಲಿಸಬಹುದು. ಶಸ್ತ್ರಚಿಕಿತ್ಸೆಯ ಪರಿಣಾಮವಾದರೋ ಶಾಶ್ವತವಾದದ್ದು. ಅಂಥವರ ವಿಷಯದಲ್ಲಿ ಮೂಳೆ ಮಾಂಸಖಂಡಗಳ ರಕ್ಷಣೆ ಕೆಲವು ತಿಂಗಳ ಪಥ್ಯವಾಗಿರದೆ ಉಳಿದ ಆಯುಸ್ಸಿನುದ್ದಕ್ಕೂ ನಡೆಯಬೇಕಾದ ಕಾರ್ಯವಾಗಿದೆ.

ವ್ಯಾಯಾಮದಿಂದ ಆಟದವರೆಗೆ

ಅರ್ಬುದ ರೋಗಿಗೆ ವಿಶ್ರಾಂತಿಯೇ ಪಥ್ಯವೆಂಬ ಹಿಂದಿನ ಭಾವನೆಯನ್ನು ಕಳೆದ ಕೆಲವು ದಶಕಗಳ ಪ್ರಯೋಗಗಳು ಸಡಿಲಿಸಿವೆ. ಕೆನಡಾದಲ್ಲಿ ೧೫೫ ಮಂದಿ ಹಾರ್ಮೋನು ಚಿಕಿತ್ಸೆಯ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಮೂರು ಸಲದಂತೆ ೧೨ ವಾರ ಭಾರವೆತ್ತುವ ವ್ಯಾಯಾಮವನ್ನು ಕೊಡಲಾಯಿತು. ೨೦೦೩ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರ ಆಯಾಸ ತಗ್ಗಿ ಬಲ ಹೆಚ್ಚಿತ್ತು. ೨೦೧೯ರಲ್ಲಿ ಹೊರಬಂದ ಅಂತರರಾಷ್ಟ್ರೀಯ ತಜ್ಞರ ಸಲಹೆಯಲ್ಲಿ ಅರ್ಬುದದಿಂದ ಚೇತರಿಸಿಕೊಂಡವರಿಗೆ ವಾರಕ್ಕೆ ಮೂರು ಸಲ ಅರ್ಧ ಗಂಟೆಯಂತೆ ಏದುಸಿರು ತರಿಸುವ ವ್ಯಾಯಾಮವೂ, ವಾರಕ್ಕೆ ಎರಡು ಸಲ ಮಾಂಸಖಂಡಗಳಿಗೆ ಭಾರ ಕೊಡುವ ವ್ಯಾಯಾಮವೂ ಇರಬೇಕೆಂದು ಹೇಳಿದೆ.

ಹೇಳುವುದು ಸುಲಭ, ನಡೆಸಿಕೊಂಡು ಬರುವುದು ಕಷ್ಟ. ಅರುವತ್ತೈದು ವರ್ಷದವರೊಬ್ಬರು ಒಬ್ಬಂಟಿಯಾಗಿ ದಿನವೂ ಭಾರವೆತ್ತುವರೆಂದು ನಿರೀಕ್ಷಿಸುವುದು ಕಷ್ಟವೇ. ಈ ತೊಡಕಿಗೆ ಡೆನ್ಮಾರ್ಕಿನ ಸಂಶೋಧಕರು ಕಂಡುಕೊಂಡ ಉತ್ತರ ಕಾಲ್ಚೆಂಡಾಟ. ಹಾರ್ಮೋನು ಚಿಕಿತ್ಸೆಯಲ್ಲಿದ್ದ ೫೭ ಮಂದಿಯ ಮೇಲೆ ಅವರು ಮೊದಲು ಪ್ರಯೋಗ ನಡೆಸಿದರು. ೨೦೧೪ರಲ್ಲಿ ಪ್ರಕಟವಾದ ವರದಿಯಂತೆ, ೧೨ ವಾರ ಆಡಿದವರಲ್ಲಿ ಕೊಬ್ಬಲ್ಲದ ದೇಹಭಾಗ ಸುಮಾರು ಅರ್ಧ ಕಿಲೋಗ್ರಾಂ ಹೆಚ್ಚಿ, ಕಾಲುಗಳ ಬಲವೂ ವೃದ್ಧಿಯಾಗಿತ್ತು. ಅರ್ಧ ಕಿಲೋಗ್ರಾಂ ಅಲ್ಪವೆಂದು ತೋರಬಹುದು. ಆದರೆ ಈ ಚಿಕಿತ್ಸೆಯ ಸಹಜ ಗತಿ ಇಳಿತವೆಂಬುದನ್ನು ನೆನೆದರೆ, ಇಳಿಯಬೇಕಾದದ್ದು ಏರಿತೆಂಬುದು ಸಣ್ಣ ಸಂಗತಿಯಲ್ಲ.

ಆಮೇಲೆ ಆ ದೇಶದ ಐದು ಸ್ಥಳಗಳಲ್ಲಿ ೨೧೪ ಮಂದಿಯನ್ನು ಒಳಗೊಂಡ ದೊಡ್ಡ ಪ್ರಯೋಗ ನಡೆಯಿತು. ಊರಿನ ಆಟದ ಸಂಘಗಳಲ್ಲಿ ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ಗಂಟೆ ಆಟ. ಆ ಗಂಟೆಯನ್ನು ಮೈಬೆಚ್ಚಗಾಗಿಸುವ ವ್ಯಾಯಾಮ, ಚೆಂಡಿನ ಅಭ್ಯಾಸ, ಸಣ್ಣ ತಂಡಗಳ ಪಂದ್ಯ ಎಂದು ವಿಭಾಗಿಸಿದ್ದರು. ಇದರ ಫಲಿತಾಂಶವನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ಮೂತ್ರದ ತೊಂದರೆ ಮೊದಲಾದ ರೋಗಸಂಬಂಧಿ ಬಾಧೆಗಳ ಅಳತೆಯಲ್ಲಿ ೧೨ ವಾರಗಳ ಕೊನೆಗೆ ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ. ಆರು ತಿಂಗಳ ಕೊನೆಗೆ ಆಡಿದವರ ಸೊಂಟದ ಮೂಳೆಯ ಸಾಂದ್ರತೆಯೂ ಮನಸ್ಸಿನ ಆರೋಗ್ಯವೂ ಮೇಲಾಗಿದ್ದವು. ಮೂಳೆ ಮುರಿತವೂ ಸೇರಿದಂತೆ ಆಟದಲ್ಲಿ ಕೆಲವು ಗಾಯಗಳಾದದ್ದೂ ನಿಜ. ಎಂದರೆ ಆಟ ರೋಗವನ್ನು ಗುಣಪಡಿಸುವ ಔಷಧವಲ್ಲ; ಚಿಕಿತ್ಸೆ ಕಸಿದುಕೊಳ್ಳುವ ಬಲವನ್ನು ಅಂಶತಃ ಹಿಂದಕ್ಕೆ ತರುವ ಸಾಧನ.

ಮೂಳೆಗೆ ಲಾಭವೇಕೆ ಎಂಬುದಕ್ಕೆ ಕಾರಣ ಸರಳವಾದದ್ದು. ತನ್ನ ಮೇಲೆ ಬೀಳುವ ಭಾರಕ್ಕೂ ತಟ್ಟಿಗೂ ಪ್ರತಿಯಾಗಿ ಮೂಳೆ ಗಟ್ಟಿಯಾಗುತ್ತದೆ. ಓಟ, ನಿಲುಗಡೆ, ತಿರುವು, ಸಣ್ಣ ನೆಗೆತ ಇವು ಒಂದೊಂದು ದಿಕ್ಕಿನಿಂದ ಅದನ್ನು ತಟ್ಟುತ್ತವೆ. ಈಜು ಮತ್ತು ಸೈಕಲ್ ಸವಾರಿ ಹೃದಯಕ್ಕೆ ಹಿತವಾದರೂ ದೇಹದ ಭಾರ ಕಾಲಿನ ಮೇಲೆ ಬೀಳದಿರುವುದರಿಂದ ಮೂಳೆಗೆ ಅಷ್ಟಾಗಿ ಒದಗುವುದಿಲ್ಲ.

ಹೊಲದ ದುಡಿಮೆ ಸಾಲದೆ?

ಈ ನಾಲ್ಕು ತಾಲ್ಲೂಕುಗಳ ಪುರುಷರಲ್ಲಿ ಹೆಚ್ಚಿನವರು ಬೇಸಾಯಗಾರರು. ಜೀವಮಾನವೆಲ್ಲ ಮೈಮುರಿದು ದುಡಿದವರಿಗೆ ಆಟದ ಅವಶ್ಯಕತೆ ಏನು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ದುಡಿಮೆಗೂ ವ್ಯಾಯಾಮಕ್ಕೂ ವ್ಯತ್ಯಾಸವುಂಟು.

ಮೊದಲನೆಯದಾಗಿ, ಬೇಸಾಯದ ದುಡಿಮೆ ವರ್ಷವೆಲ್ಲ ಒಂದೇ ಸಮನಾಗಿರುವುದಿಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ವರ್ಜೀನಿಯಾ ಹೊಗೆಸೊಪ್ಪಿನ ನಾಟಿ ಮುಂಗಾರಿನ ಮೊದಲಲ್ಲಿ ನಡೆಯುತ್ತದೆ. ಮುಂದೆ ಸೊಪ್ಪು ಮುರಿದು ಬ್ಯಾರನ್ನಿನಲ್ಲಿ ಬೇಯಿಸುವ ಕಾಲದಲ್ಲಿ ಹಗಲಿರುಳೆನ್ನದೆ ಉರಿ ಕಾಯಬೇಕು, ನಿದ್ದೆಗೂ ಬಿಡುವಿರುವುದಿಲ್ಲ. ಸೊಪ್ಪು ಹರಾಜಿಗೆ ಹೋದ ಮೇಲೆ ಮುಂದಿನ ಸಸಿಮಡಿಯವರೆಗೆ ಕೆಲಸ ಇಳಿಯುತ್ತದೆ. ಕೃಷ್ಣರಾಜನಗರದ ಕಾವೇರಿ ನಾಲೆಗಳ ಬಯಲಿನಲ್ಲಿ ಭತ್ತದ ನಾಟಿ, ಕೊಯ್ಲುಗಳೂ ಇದೇ ಬಗೆಯವು. ವ್ಯಾಯಾಮದ ಫಲವಾದರೋ ಕ್ರಮವನ್ನು ಅವಲಂಬಿಸಿದೆ. ಮೂರು ತಿಂಗಳ ಅತಿಶ್ರಮದಿಂದ ಒಂಬತ್ತು ತಿಂಗಳ ಕೊರತೆ ತುಂಬಲಾರದು.

ಎರಡನೆಯದಾಗಿ, ಬಗ್ಗಿ ಭಾರವೆತ್ತುವ ದುಡಿಮೆ ಸವೆದ ಬೆನ್ನೆಲುಬಿಗೆ ಅಪಾಯಕಾರಿ. ವ್ಯಾಯಾಮದಲ್ಲಿ ಭಾರವನ್ನು ಕ್ರಮವಾಗಿ ಏರಿಸುವುದೂ, ಬೇಕೆಂದಾಗ ಇಳಿಸುವುದೂ ಸಾಧ್ಯ. ಮೂಟೆ ಹೊರುವವನಿಗೆ ಆ ಆಯ್ಕೆ ಇರುವುದಿಲ್ಲ. ಮೂರನೆಯದಾಗಿ, ಚಿಕಿತ್ಸೆ ಮುಗಿಸಿ ಬಂದ ಯಜಮಾನನನ್ನು ಮನೆಯವರು ಪ್ರೀತಿಯಿಂದಲೇ ಜಗಲಿಯ ಮೇಲೆ ಕೂರಿಸುತ್ತಾರೆ. ಹೊಲದ ದುಡಿಮೆ ಹೀಗೆ ತಪ್ಪಿದಾಗ ಅದರ ಬದಲಿಗೆ ಏನೂ ಬರುವುದಿಲ್ಲ. ನಾಲ್ಕನೆಯದು ಹೇಳಿಕೊಳ್ಳಲಾಗದ ಸಂಕೋಚ. ಶಸ್ತ್ರಚಿಕಿತ್ಸೆಯ ಬಳಿಕ ಕೆಲವರಿಗೆ ಮೂತ್ರ ತಾನಾಗಿ ಜಿನುಗುತ್ತದೆ. ಪಂಚೆ ಒದ್ದೆಯಾದೀತೆಂಬ ಭಯದಿಂದ ಅವರು ಅರಳಿಕಟ್ಟೆ, ಸಂತೆ, ಮದುವೆಗಳಿಂದ ದೂರ ಉಳಿಯುತ್ತಾರೆ. ಅವರಿಗೆ ಒಂಟಿತನವೇ ಎರಡನೆಯ ರೋಗವಾಗುತ್ತದೆ.

ನಡಿಗೆ ಒಳ್ಳೆಯದೆಂಬುದು ಎಲ್ಲರೂ ಕೊಡುವ ಸಲಹೆ. ಆದರೆ ನಾಗರಹೊಳೆಯ ಕಾಡಂಚಿನಲ್ಲಿರುವ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳ ಗ್ರಾಮಗಳಲ್ಲಿ ಮುಂಜಾನೆ, ಮುಸ್ಸಂಜೆಗಳಲ್ಲಿ ಒಬ್ಬಂಟಿಯಾಗಿ ನಡೆಯುವುದು ಆನೆಗಳ ಕಾರಣದಿಂದ ಕ್ಷೇಮಕರವಲ್ಲ. ಹಗಲು ಬೆಳಕಿನಲ್ಲಿ ಶಾಲೆಯ ಬಯಲಿನಲ್ಲಿ ಹತ್ತು ಮಂದಿ ಸೇರಿ ಆಡುವುದು ಅಲ್ಲಿ ಹೆಚ್ಚು ಸೂಕ್ತ.

ಯಾವ ಆಟಗಳು?

ಡೆನ್ಮಾರ್ಕಿನಲ್ಲಿ ಕಾಲ್ಚೆಂಡು ಒದಗಿದ್ದು ಅಲ್ಲಿನ ಗಂಡಸರು ಬಾಲ್ಯದಿಂದ ಅದನ್ನು ಬಲ್ಲವರಾದ್ದರಿಂದ. ಇಲ್ಲಿಯೂ ಕೈಗೆ ಪಳಗಿದ ಆಟವನ್ನೇ ಆರಿಸಬೇಕು. ನಮ್ಮ ಪ್ರಾಂತದ ಪ್ರೌಢಶಾಲೆಗಳಲ್ಲಿ ಓದಿದವರಿಗೆ ಬಾಲ್ ಬ್ಯಾಡ್ಮಿಂಟನ್, ವಾಲಿಬಾಲ್ ಪರಿಚಿತ. ಉಣ್ಣೆಯ ಹಳದಿ ಚೆಂಡಿನಿಂದ ಐದೈದು ಮಂದಿ ಆಡುವ ಬಾಲ್ ಬ್ಯಾಡ್ಮಿಂಟನ್ನಿನಲ್ಲಿ ಬಲೆ ನಡುವೆ ಇರುವುದರಿಂದ ಎದುರಾಳಿಯ ಮೈ ತಾಗುವುದಿಲ್ಲ. ಚುರುಕು ಹೆಜ್ಜೆ, ತೋಳಿನ ಬೀಸು, ಬಾಗುವಿಕೆ ಮೂರೂ ಇವೆ. ಶಾಲೆಗೆ ಹೋಗದವರಿಗೂ ಲಗೋರಿ, ಕೋಲಾಟ ಗೊತ್ತು. ಕೋಲಾಟವನ್ನು ಆಟವೆನ್ನಬೇಕೋ ಕುಣಿತವೆನ್ನಬೇಕೋ ಎಂಬ ಚರ್ಚೆ ಏನೇ ಇರಲಿ, ತಾಳಕ್ಕೆ ತಕ್ಕಂತೆ ತಿರುಗಿ ಹೆಜ್ಜೆಯೂರುವ ಅದರ ಚಲನೆ ಕಾಲಿನ ಮೂಳೆಗೂ ಸಮತೋಲಕ್ಕೂ ಹಿತವಾದದ್ದು. ಕಬಡ್ಡಿ, ಕುಸ್ತಿಗಳು ಈ ನಾಡಿಗೆ ಎಷ್ಟೇ ಪ್ರಿಯವಾಗಿದ್ದರೂ ಹಿಡಿತ ಬೀಳುವಿಕೆಗಳಿಂದ ಕೂಡಿರುವ ಕಾರಣ ಸವೆದ ಮೂಳೆಯವರಿಗೆ ಸಲ್ಲವು. ಆಟದ ಮೊದಲು ಕಾಲುಗಂಟೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ಒತ್ತುವುದು ಮೊದಲಾದ ಬಲದ ವ್ಯಾಯಾಮಗಳನ್ನು ಸೇರಿಸಿದರೆ ತಜ್ಞರ ಸಲಹೆಯ ಎರಡು ಭಾಗಗಳೂ ನೆರವೇರಿದಂತಾಗುತ್ತದೆ.

ಗಮನಿಸಬೇಕಾದ ಎಚ್ಚರಿಕೆಗಳು

ವೈದ್ಯರ ಅನುಮತಿಯಿಲ್ಲದೆ ಯಾರೂ ಆರಂಭಿಸಬಾರದು. ಈ ಅರ್ಬುದ ಹರಡುವುದಾದರೆ ಹೆಚ್ಚಾಗಿ ಬೆನ್ನೆಲುಬು, ಸೊಂಟ, ತೊಡೆಯ ಮೂಳೆಗಳಿಗೆ ಹರಡುತ್ತದೆ. ಹಾಗೆ ಹರಡಿದವರಿಗೆ ನೆಗೆತ, ರಭಸದ ತಿರುವುಗಳು ಅಪಾಯಕರ. ಅವರಿಗೆ ಬೇರೆ ಬಗೆಯ ವ್ಯಾಯಾಮವನ್ನು ವೈದ್ಯರೇ ಗೊತ್ತುಮಾಡಬೇಕು. ಹೊಸದಾಗಿ ಬೆನ್ನುನೋವು, ಕಾಲುಗಳಲ್ಲಿ ಶಕ್ತಿಗುಂದುವಿಕೆ ಅಥವಾ ಜೋಮು, ಮಲಮೂತ್ರಗಳ ಹಿಡಿತ ತಪ್ಪುವುದು ಇವು ಬೆನ್ನುಹುರಿ ಅದುಮಿಹೋಗುತ್ತಿರುವುದರ ಲಕ್ಷಣಗಳಾಗಿರಬಹುದು. ಅಂಥವರನ್ನು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು; ತಡಮಾಡಿದರೆ ಕಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪಬಹುದು. ಮೂತ್ರ ಜಿನುಗುವವರು ಮೂತ್ರವನ್ನು ತಡೆಹಿಡಿಯುವಾಗ ಬಿಗಿಯುವ ಮಾಂಸಖಂಡಗಳನ್ನು ದಿನವೂ ಹಲವು ಸಲ ಬಿಗಿದು ಸಡಿಲಿಸುವ ಅಭ್ಯಾಸವನ್ನು ವೈದ್ಯರಿಂದ ಕಲಿಯುವುದು ಒಳ್ಳೆಯದು.

ಉಪಸಂಹಾರ

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಾಗಲಿ ಮೈಸೂರಿನ ಆಸ್ಪತ್ರೆಗಳಲ್ಲಾಗಲಿ ಚಿಕಿತ್ಸೆ ಪಡೆದು ಊರಿಗೆ ಮರಳುವವರ ಮುಂದಿನ ವರ್ಷಗಳು ಕಳೆಯುವುದು ತಾಲ್ಲೂಕಿನಲ್ಲಿಯೇ. ಅಲ್ಲಿ ಹೊಸದಾಗಿ ಕಟ್ಟಬೇಕಾದದ್ದು ಹೆಚ್ಚೇನೂ ಇಲ್ಲ. ಕಾಲೇಜುಗಳಿಗೆ ಮೈದಾನಗಳಿವೆ, ದೈಹಿಕ ಶಿಕ್ಷಣದ ಅಧ್ಯಾಪಕರಿದ್ದಾರೆ, ಬಲೆ ಚೆಂಡುಗಳಿವೆ. ವಾರಕ್ಕೆ ಎರಡು ಸಂಜೆ ಅವುಗಳನ್ನು ಊರಿನ ಹಿರಿಯರಿಗೆ ಬಿಟ್ಟುಕೊಡುವುದೂ, ಶೌಚಗೃಹದ ಬೀಗ ತೆರೆದಿರುವಂತೆ ನೋಡಿಕೊಳ್ಳುವುದೂ ದೊಡ್ಡ ವೆಚ್ಚದ ಕೆಲಸಗಳಲ್ಲ. ತಂಡಕ್ಕೆ ರೋಗದ ಹೆಸರನ್ನು ಇಡಬೇಕಾಗಿಯೂ ಇಲ್ಲ. ಅರುವತ್ತು ದಾಟಿದವರೆಲ್ಲರ ತಂಡವೆಂದರೆ ಸಾಕು; ಸಂಕೋಚಪಡುವವರೂ ಅದರೊಳಗೆ ಬಂದು ನಿಲ್ಲುತ್ತಾರೆ. ಚಿಕಿತ್ಸೆ ಅವರಿಗೆ ವರ್ಷಗಳನ್ನು ಕೊಟ್ಟಿದೆ. ಆ ವರ್ಷಗಳನ್ನು ತಮ್ಮ ಕಾಲ ಮೇಲೆ ನಿಂತು ಕಳೆಯುವ ಶಕ್ತಿಯನ್ನು ಒದಗಿಸುವುದು ಸಮೀಪದಲ್ಲಿರುವ ಸಂಸ್ಥೆಗಳಿಂದ ಆಗಬಹುದಾದ ಕೆಲಸ.